ಡ್ರೈವ್ ಪ್ಯಾನಲ್‌ಗಳಿಗೆ ಸರ್ಜ್ ರಕ್ಷಣೆ ಮತ್ತು ಅರ್ಥಿಂಗ್: ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಪಡೆದ ಸೇವೆಯ ವಿಮರ್ಶೆ

ಗಂಗಾವತಿ, ಕಾರಟಗಿ ಭಾಗದ ಅಕ್ಕಿ ಗಿರಣಿಗಳಲ್ಲಿ ಬಾಯ್ಲರ್‌ನ ಹೊಗೆಯನ್ನು ಚಿಮಣಿಗೆ ಎಳೆಯುವ ಐಡಿ ಫ್ಯಾನ್, ಡ್ರೈಯರ್‌ನ ಬ್ಲೋವರ್, ಪಾಲಿಷರ್, ಎಲಿವೇಟರ್ ಮುಂತಾದವುಗಳ ಮೋಟಾರ್‌ಗಳಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್‌ಗಳ ಬದಲು ವಿಎಫ್‌ಡಿ, ಅಂದರೆ ನಾವು ರೂಢಿಯಲ್ಲಿ ಡ್ರೈವ್ ಎನ್ನುವ ವೇಗ ನಿಯಂತ್ರಕಗಳನ್ನು ಅಳವಡಿಸುವುದು ಈಗ ಸಾಮಾನ್ಯವಾಗಿದೆ. ವಿದ್ಯುತ್ ಉಳಿತಾಯದ ಲೆಕ್ಕದಲ್ಲಿ ಇದು ಸರಿಯಾದ ನಿರ್ಧಾರವೇ. ಆದರೆ ಕಾಂಟ್ಯಾಕ್ಟರ್ ಮತ್ತು ಓವರ್‌ಲೋಡ್ ರಿಲೇ ಮಾತ್ರ ಇದ್ದ ಹಳೆಯ ಸ್ಟಾರ್ಟರ್ ಸಹಿಸಿಕೊಳ್ಳುತ್ತಿದ್ದ ಸರ್ಜ್ ಅನ್ನು, ಅಂದರೆ ಕ್ಷಣಮಾತ್ರಕ್ಕೆ ಚಿಮ್ಮುವ ಅಧಿಕ ವೋಲ್ಟೇಜನ್ನು, ಡ್ರೈವ್‌ನ ಒಳಗಿರುವ ರೆಕ್ಟಿಫೈಯರ್, ಕೆಪಾಸಿಟರ್ ಮತ್ತು ಐಜಿಬಿಟಿಗಳು (ವಿದ್ಯುತ್ತನ್ನು ಅತಿ ವೇಗವಾಗಿ ಕತ್ತರಿಸುವ ಟ್ರಾನ್ಸಿಸ್ಟರ್‌ಗಳು) ಸಹಿಸುವುದಿಲ್ಲ. 415 ವೋಲ್ಟ್ ವರ್ಗದ ಡ್ರೈವ್‌ನಲ್ಲಿ ರೆಕ್ಟಿಫೈಯರ್ ಸಾಮಾನ್ಯವಾಗಿ 1600 ವೋಲ್ಟ್‌ನದು, ಐಜಿಬಿಟಿ 1200 ವೋಲ್ಟ್‌ನದು. ಹೊಲದ ಮೇಲೆ ಹಾದು ಬರುವ 11 ಕೆವಿ ಮೇಲ್ಮಾರ್ಗದ ಹತ್ತಿರ ಸಿಡಿಲು ಬಡಿದಾಗ ಈ ಮಿತಿಯನ್ನು ದಾಟುವುದು ಕಷ್ಟದ ಮಾತಲ್ಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಸಂಜೆಗಳಲ್ಲಿ ಡ್ರೈವ್ ಕಳೆದುಕೊಂಡ ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಗಿರಣಿಯ ಡ್ರೈವ್ ಪ್ಯಾನಲ್‌ಗಳಿಗೆ ಸರ್ಜ್ ರಕ್ಷಣೆ ಮತ್ತು ಅರ್ಥಿಂಗ್ (ಭೂಸಂಪರ್ಕ) ಅನ್ನು ಹೊಸದಾಗಿ ಮಾಡಿಕೊಟ್ಟ ಒಂದು ಸೇವೆಯ ವಿಮರ್ಶೆ ಇದು. ಕೆಲಸ ಮಾಡಿದವರು ಹೊಸಪೇಟೆ ಕಡೆಯ ಒಂದು ಚಿಕ್ಕ ಪ್ಯಾನಲ್ ತಯಾರಿಕಾ ಸಂಸ್ಥೆಯವರು. ವಿದ್ಯುತ್ ಗುತ್ತಿಗೆಯ ಪರವಾನಗಿ ಮತ್ತು ಸೂಪರ್‌ವೈಸರ್ ಪರ್ಮಿಟ್ ಎರಡೂ ಅವರಲ್ಲಿವೆ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಇದೇ ಕೆಲಸವನ್ನು ಬೇರೆ ಯಾರಿಂದ ಮಾಡಿಸುವವರಿಗೂ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ತಿಳಿದರೆ ಸಾಕು ಎಂಬ ಉದ್ದೇಶದಿಂದ ತಾಂತ್ರಿಕ ವಿವರಗಳನ್ನು ಸ್ವಲ್ಪ ಹೆಚ್ಚಾಗಿಯೇ ಕೊಟ್ಟಿದ್ದೇನೆ.

ಇವರನ್ನು ಆಯ್ಕೆ ಮಾಡಲು ಮೊದಲ ಕಾರಣ ಇವರು ದರಪಟ್ಟಿ ಕೊಟ್ಟ ರೀತಿ. ಬೇರೆ ಇಬ್ಬರು ಗುತ್ತಿಗೆದಾರರು ಫೋನಿನಲ್ಲಿಯೇ ‘ನಾಲ್ಕು ಕೆಮಿಕಲ್ ಅರ್ಥಿಂಗ್ ಹಾಕಿಸಿ, ಒಂದು ಓಮ್‌ಗಿಂತ ಕಡಿಮೆ ಮಾಡಿಕೊಡುತ್ತೇವೆ, ಡ್ರೈವ್‌ಗೆ ಏನೂ ಆಗುವುದಿಲ್ಲ’ ಎಂದು ಬೆಲೆ ಹೇಳಿದ್ದರು. ಇವರು ಮಾತ್ರ ಮೊದಲು ಸಿಂಗಲ್ ಲೈನ್ ಡಯಾಗ್ರಾಂ ಕೇಳಿದರು, ಟ್ರಾನ್ಸ್‌ಫಾರ್ಮರ್ ಕಟ್ಟೆಯಿಂದ ಹಿಡಿದು ಬಾಯ್ಲರ್ ಚಿಮಣಿಯವರೆಗೆ ನಡೆದು ನೋಡಿದರು, ಪ್ರತಿ ಡ್ರೈವ್‌ನ ಅರ್ಥ್ ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂಬುದನ್ನು ಟಾರ್ಚ್ ಹಿಡಿದು ಹುಡುಕಿದರು, ಅದಾದ ಮೇಲೆಯೇ ಪಿಟ್‌ಗಳ, ಅಂದರೆ ಅರ್ಥ್ ಕಂಬಿ ಹೂಳುವ ಗುಂಡಿಗಳ, ಮಾತಿಗೆ ಬಂದರು. ಈ ಕ್ರಮದಲ್ಲಿ ಕೆಲಸ ಶುರುಮಾಡುವವರು ವಿಷಯ ಬಲ್ಲವರು ಎಂದು ಬಹುಮಟ್ಟಿಗೆ ನಂಬಬಹುದು.

ಏಕೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಪಿಟ್‌ನ ರೋಧ ನಿಜವಾಗಿಯೂ 1 ಓಮ್ ಇದೆ ಎಂದುಕೊಳ್ಳೋಣ. ಅದರ ಮೂಲಕ 10 ಕಿಲೋಆಂಪಿಯರ್‌ನ ಸರ್ಜ್ ನೆಲಕ್ಕೆ ಇಳಿದರೆ, ಆ ಕ್ಷಣದಲ್ಲಿ ಪಿಟ್‌ಗೆ ಜೋಡಿಸಿದ ಎಲ್ಲ ಲೋಹವೂ ದೂರದ ನೆಲಕ್ಕೆ ಹೋಲಿಸಿದರೆ 10 ಕಿಲೋವೋಲ್ಟ್‌ಗೆ ಏರುತ್ತದೆ. 240/415 ವೋಲ್ಟ್ ವ್ಯವಸ್ಥೆಯಲ್ಲಿ ಮೂರನೆಯ ಓವರ್‌ವೋಲ್ಟೇಜ್ ವರ್ಗದ (ಕಾಯಂ ಜೋಡಿಸಿದ ಪ್ಯಾನಲ್, ಡ್ರೈವ್‌ಗಳಂತಹ) ಉಪಕರಣವು ತಡೆದುಕೊಳ್ಳಬೇಕಾದ ಇಂಪಲ್ಸ್ ವೋಲ್ಟೇಜ್ 4 ಕಿಲೋವೋಲ್ಟ್ ಮಾತ್ರ. ಹಾಗಿದ್ದೂ ಡ್ರೈವ್ ಉಳಿಯುವುದು ಪಿಟ್‌ನ ಓಮ್ ಸಂಖ್ಯೆಯಿಂದಲ್ಲ. ಡ್ರೈವ್‌ಗೆ ಬರುವ ಮೂರು ಫೇಸ್, ನ್ಯೂಟ್ರಲ್, ಅದರ ಬಾಡಿ, ಅದಕ್ಕೆ ಜೋಡಿಸಿದ ಕಂಟ್ರೋಲ್ ವೈರ್, ಆಚೆ ತುದಿಯ ಮೋಟಾರ್ ಇವೆಲ್ಲ ಆ ಕ್ಷಣದಲ್ಲಿ ಒಟ್ಟಿಗೆ ಮೇಲೇರಿ ಒಟ್ಟಿಗೆ ಇಳಿದರೆ ಅದು ಉಳಿಯುತ್ತದೆ. ತುಂಗಭದ್ರೆಗೆ ನೀರು ಬಂದಾಗ ಹರಿಗೋಲಿನಲ್ಲಿ ಕೂತವರೆಲ್ಲ ಒಟ್ಟಿಗೆ ಮೇಲೇರುತ್ತಾರೆ. ಒಂದು ಕಾಲನ್ನು ಹರಿಗೋಲಿನಲ್ಲೂ ಇನ್ನೊಂದನ್ನು ದಡದ ಕಲ್ಲಿನ ಮೇಲೂ ಇಟ್ಟವನು ಮಾತ್ರ ಬೀಳುತ್ತಾನೆ.

ನಮ್ಮಲ್ಲಿ ಡ್ರೈವ್‌ಗಳು ನಿಂತಿದ್ದುದು ಹಾಗೆಯೇ. ಹಿಂದೆ ಪ್ಯಾನಲ್ ಮಾಡಿದವರು ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಚಿಕ್ಕ ಕಂಪ್ಯೂಟರ್) ಮತ್ತು ಡ್ರೈವ್‌ಗಳಿಗೆ ‘ಎಲೆಕ್ಟ್ರಾನಿಕ್ ಅರ್ಥ್’ ಎಂದು ಪ್ರತ್ಯೇಕ ಪಿಟ್ ತೋಡಿಸಿ, ಅದನ್ನು ಗಿರಣಿಯ ಉಳಿದ ಅರ್ಥಿಂಗ್‌ಗೆ ಎಲ್ಲಿಯೂ ತಾಗದಂತೆ ಬೇರೆಯಾಗಿಟ್ಟಿದ್ದರು. ಈ ಪದ್ಧತಿ ನಮ್ಮ ಕಡೆ ತುಂಬಾ ಪ್ರಚಲಿತದಲ್ಲಿದೆ, ಕೆಲವು ಯಂತ್ರ ಮಾರಾಟಗಾರರು ಇದನ್ನು ಷರತ್ತಾಗಿಯೂ ಹಾಕುತ್ತಾರೆ. ಶಾಂತ ದಿನಗಳಲ್ಲಿ ಇದರಿಂದ ತೊಂದರೆ ಕಾಣುವುದಿಲ್ಲ. ಆದರೆ ಟ್ರಾನ್ಸ್‌ಫಾರ್ಮರ್ ಕಡೆಯ ಅರ್ಥ್ ಸಾವಿರಾರು ವೋಲ್ಟ್ ಮೇಲೇರಿದ ಕ್ಷಣದಲ್ಲಿ ದೂರದ ಪ್ರತ್ಯೇಕ ಪಿಟ್ ಕೆಳಗೇ ಉಳಿಯುತ್ತದೆ, ಮತ್ತು ಆ ಪೂರ್ತಿ ವ್ಯತ್ಯಾಸ ಡ್ರೈವ್‌ನ ಫೇಸ್ ಮತ್ತು ಬಾಡಿಯ ನಡುವೆ ಬೀಳುತ್ತದೆ. ಒಳಗೆ ಇನ್ಸುಲೇಷನ್ ಫಾಲ್ಟ್ ಆದರೆ ಪ್ರವಾಹವು ಲೋಹದ ದಾರಿಯಲ್ಲಿ ಹಿಂತಿರುಗದೆ ಮಣ್ಣಿನ ಮೂಲಕವೇ ಹಿಂತಿರುಗಬೇಕಾಗುವುದರಿಂದ ಫ್ಯೂಸ್ ಬೇಗನೆ ಹಾರದಿರುವ ಅಪಾಯವೂ ಇದೆ. ಇದು ಯಂತ್ರದ ಪ್ರಶ್ನೆಯಾಗಿ ಉಳಿಯದೆ ಮುಟ್ಟಿದವರ ಜೀವದ ಪ್ರಶ್ನೆಯಾಗುತ್ತದೆ. ಸಂಸ್ಥೆಯವರು ಮೊದಲ ದಿನವೇ ಇದನ್ನು ಗುರುತಿಸಿ, ಆ ಪಿಟ್ ಅನ್ನು ಉಳಿಸಿಕೊಂಡು, ನೆಲದಡಿಯ ಪಟ್ಟಿಯ ಮೂಲಕ ಮುಖ್ಯ ಅರ್ಥಿಂಗ್ ಜಾಲಕ್ಕೆ ಸೇರಿಸಿದರು. ಇಡೀ ಕೆಲಸದಲ್ಲಿ ಅತ್ಯಂತ ಕಡಿಮೆ ಖರ್ಚಿನ ಭಾಗ ಇದೇ ಆಗಿತ್ತು. ನನ್ನ ಅಭಿಪ್ರಾಯದಲ್ಲಿ ಅತ್ಯಂತ ಮುಖ್ಯವಾದ ಭಾಗವೂ ಇದೇ.

ಪಿಟ್‌ಗಳ ವಿಷಯದಲ್ಲಿಯೂ ಅವರ ಮಾತು ಅಳತೆಯದಾಗಿತ್ತು. ಗಿರಣಿಯ ಹಿಂಭಾಗದ ನೆಲ ಎರೆ ಭೂಮಿ. ಮಳೆಗಾಲದಲ್ಲಿ ಇದು ಅರ್ಥಿಂಗ್‌ಗೆ ಬಹಳ ಒಳ್ಳೆಯ ಮಣ್ಣು, ಆದರೆ ಬೇಸಿಗೆಯಲ್ಲಿ ಬಾಯಿ ಬಿಟ್ಟು ಪೈಪ್‌ನಿಂದ ದೂರ ಸರಿಯುತ್ತದೆ. ಸಿಡಿಲು ಹೆಚ್ಚಾಗಿ ಬರುವುದೂ ಅದೇ ಕಾಲದಲ್ಲಿ. ಹಳೆಯ ಜಿಐ ಪೈಪ್, ಇದ್ದಿಲು ಮತ್ತು ಉಪ್ಪಿನ ಪಿಟ್‌ಗಳಲ್ಲಿ ಉಪ್ಪು ನೀರಿನೊಂದಿಗೆ ಕೊಚ್ಚಿಹೋಗಿ, ಪಟ್ಟಿಯ ಜೋಡಣೆ ತುಕ್ಕು ಹಿಡಿದಿತ್ತು. ಇವರು ಹಾಕಿದ್ದು 17.2 ಮಿಮೀ ವ್ಯಾಸದ, 3 ಮೀಟರ್ ಉದ್ದದ, 250 ಮೈಕ್ರಾನ್ ತಾಮ್ರದ ಲೇಪನವಿರುವ ಉಕ್ಕಿನ ರಾಡ್‌ಗಳನ್ನು. ಸುತ್ತ ತುಂಬಲು ಬೆಂಟೊನೈಟ್ ಬದಲು ಗಟ್ಟಿಯಾಗಿ ಕೂರುವ ವಾಹಕ ಮಿಶ್ರಣವನ್ನು ಬಳಸಿದರು, ಏಕೆಂದರೆ ಬೆಂಟೊನೈಟ್ ಕೂಡ ಪೂರ್ತಿ ಒಣಗಿದರೆ ಎರೆ ಮಣ್ಣಿನಂತೆಯೇ ಕುಗ್ಗುತ್ತದೆ. ರಾಡ್‌ಗಳ ನಡುವಿನ ಅಂತರವನ್ನು ಅವುಗಳ ಉದ್ದದ ಎರಡು ಪಟ್ಟು, ಅಂದರೆ 6 ಮೀಟರ್ ಇಟ್ಟು ಎಲ್ಲವನ್ನೂ ಒಂದು ಉಂಗುರವಾಗಿ ಜೋಡಿಸಿದರು.

ಇಲ್ಲಿ ಓದುಗರು ನೆನಪಿಡಬೇಕಾದ ಸಂಗತಿಯೊಂದಿದೆ. ಮಣ್ಣಿನ ರೋಧಕತೆ 20 ಓಮ್-ಮೀಟರ್ ಇರುವ ಒಳ್ಳೆಯ ನೆಲದಲ್ಲಿಯೂ ಇಂತಹ ಒಂದು ರಾಡ್ ಕೊಡುವುದು ಸುಮಾರು 6.5 ಓಮ್, ರೋಧಕತೆ 100 ಓಮ್-ಮೀಟರ್ ಇರುವ ಮಸಾರಿ ನೆಲದಲ್ಲಿ ಅದು ಸುಮಾರು 33 ಓಮ್ ಆಗುತ್ತದೆ. ಸೂತ್ರಕ್ಕೆ ಸಂಖ್ಯೆಗಳನ್ನು ಹಾಕಿದರೆ ಯಾರಾದರೂ ಇದನ್ನು ಪಡೆಯಬಹುದು. ಆದ್ದರಿಂದ ಮಣ್ಣನ್ನು ಅಳೆಯದೆ, ಒಂದೇ ರಾಡ್‌ಗೆ ‘ಒಂದು ಓಮ್ ಗ್ಯಾರಂಟಿ’ ಎನ್ನುವವರ ಮಾತನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ಅಳತೆಯಲ್ಲಿಯೂ ಮೋಸಹೋಗುವ ಸಾಧ್ಯತೆ ಇದೆ. ಪಿಟ್ ಅನ್ನು ಜಾಲದಿಂದ ಬಿಡಿಸದೆ ಅಳೆದರೆ ಮೀಟರ್ ತೋರಿಸುವುದು ಇಡೀ ಗಿರಣಿಯ ರೋಧವನ್ನು. ನಮ್ಮವರು ಪ್ರತಿ ಪಿಟ್‌ನ ಲಿಂಕ್ ಬಿಚ್ಚಿ, ಪ್ರವಾಹದ ಗೂಟವನ್ನು ದೂರ ನೆಟ್ಟು, ವೋಲ್ಟೇಜ್ ಗೂಟವನ್ನು ಆ ದೂರದ ಶೇ. 62ರಲ್ಲಿಟ್ಟು, ಮತ್ತೆ ಅದನ್ನು ಹಿಂದೆ ಮುಂದೆ ಸರಿಸಿ ಓದು ಸ್ಥಿರವಾಗಿದೆಯೇ ಎಂದು ನೋಡಿದರು. ಲಿಂಕ್ ಬಿಚ್ಚುವ ಮುನ್ನ ಉಳಿದ ಪಿಟ್‌ಗಳು ಜೋಡಣೆಯಲ್ಲಿವೆ ಎಂದು ಖಚಿತಪಡಿಸಿಕೊಂಡದ್ದನ್ನೂ ಗಮನಿಸಿದೆ. ವರದಿಯಲ್ಲಿ ಅರ್ಥಿಂಗ್‌ನ ಭಾರತೀಯ ಮಾನದಂಡವಾದ ಐಎಸ್ 3043ರ 2018ರ ಆವೃತ್ತಿಯನ್ನು ಆಧಾರವಾಗಿ ನಮೂದಿಸಿದ್ದಾರೆ.

ಇನ್ನು ಸರ್ಜ್ ಅರೆಸ್ಟರ್‌ಗಳು, ಅಂದರೆ ಎಸ್‌ಪಿಡಿಗಳು. ಸೇವೆಯ ಗುಣ ಮತ್ತು ದೋಷ ಎರಡೂ ಸ್ಪಷ್ಟವಾಗಿ ಕಂಡದ್ದು ಇಲ್ಲಿ. ಟ್ರಾನ್ಸ್‌ಫಾರ್ಮರ್ ಕಟ್ಟೆಯ ಮೇಲಿರುವ 9 ಕೆವಿ ಲೈಟ್ನಿಂಗ್ ಅರೆಸ್ಟರ್‌ಗಳು ಟ್ರಾನ್ಸ್‌ಫಾರ್ಮರ್ ಅನ್ನು ಕಾಯುತ್ತವೆ. ಡ್ರೈವ್‌ಗಳ ರಕ್ಷಣೆ ಅವುಗಳಿಂದ ಸಾಧ್ಯವಿಲ್ಲ. ಮುಖ್ಯ ಎಲ್‌ಟಿ (415 ವೋಲ್ಟ್‌ನ) ಪ್ಯಾನಲ್‌ಗೆ ಟೈಪ್ 1 ಮತ್ತು 2 ಸೇರಿದ ಎಸ್‌ಪಿಡಿಯನ್ನು, ಡ್ರೈವ್ ಪ್ಯಾನಲ್‌ಗಳಿಗೆ ಟೈಪ್ 2 ಎಸ್‌ಪಿಡಿಯನ್ನು ಹಾಕಿದರು. ಈ ವಿಂಗಡಣೆಗೆ ಕಾರಣವಿದೆ. ಟೈಪ್ 1 ಅನ್ನು 10/350 ಮೈಕ್ರೋಸೆಕೆಂಡ್‌ನ, ಅಂದರೆ ನೇರ ಸಿಡಿಲಿನ ಪ್ರವಾಹದ ಒಂದು ಪಾಲನ್ನು ಹೋಲುವ ದೀರ್ಘ ತರಂಗದಿಂದ ಪರೀಕ್ಷಿಸುತ್ತಾರೆ. ಟೈಪ್ 2 ಅನ್ನು 8/20 ಮೈಕ್ರೋಸೆಕೆಂಡ್‌ನ ಚಿಕ್ಕ ತರಂಗದಿಂದ. ನಮ್ಮ ಚಿಮಣಿಗೆ ಸಿಡಿಲು ತಡೆಯುವ ಕಡ್ಡಿ ಇರುವುದರಿಂದಲೂ ವಿದ್ಯುತ್ ಬರುವುದು ಮೇಲ್ಮಾರ್ಗದಿಂದಾದ್ದರಿಂದಲೂ ಮುಖ್ಯ ಪ್ಯಾನಲ್‌ನಲ್ಲಿ ಟೈಪ್ 2 ಒಂದೇ ಸಾಲದು. ಅಂಗಡಿಗಳಲ್ಲಿ ‘40 ಕೆಎ’ ಎಂದು ದೊಡ್ಡದಾಗಿ ಬರೆದಿರುವ ಟೈಪ್ 2 ತೋರಿಸಿ, ‘12.5 ಕೆಎ’ ಎಂದಿರುವ ಟೈಪ್ 1ಕ್ಕಿಂತ ಇದೇ ಬಲವಾದದ್ದು ಎಂದು ಹೇಳುವವರಿದ್ದಾರೆ. ಎರಡು ಬೇರೆ ತರಂಗಗಳಿಗೆ ಸೇರಿದ ಸಂಖ್ಯೆಗಳನ್ನು ಹೀಗೆ ಹೋಲಿಸಲು ಬರುವುದಿಲ್ಲ.

ಒಂದು ಡ್ರೈವ್ ಪ್ಯಾನಲ್‌ನಲ್ಲಿ ಅವರ ವೈರ್‌ಮನ್ ಎಸ್‌ಪಿಡಿಯನ್ನು ಮೇಲ್ಭಾಗದಲ್ಲಿ, ಇನ್‌ಕಮರ್ (ವಿದ್ಯುತ್ ಒಳಬರುವ ಮುಖ್ಯ ಸ್ವಿಚ್) ಪಕ್ಕ ಕೂರಿಸಿ, ಅದರ ಅರ್ಥ್ ತಂತಿಯನ್ನು ಅಂದವಾಗಿ ಡಕ್ಟ್‌ನಲ್ಲಿ ಬಳಸಿ, ಪ್ಯಾನಲ್‌ನ ತಳದಲ್ಲಿರುವ ಅರ್ಥ್ ಬಾರ್‌ಗೆ ಒಯ್ದಿದ್ದ. ನೋಡಲು ಬಹಳ ಅಚ್ಚುಕಟ್ಟು. ಆದರೆ ಸರ್ಜ್‌ನ ವೇಗಕ್ಕೆ ತಂತಿಯ ರೋಧಕ್ಕಿಂತ ಅದರ ಇಂಡಕ್ಟೆನ್ಸ್, ಅಂದರೆ ಪ್ರವಾಹದ ಹಠಾತ್ ಬದಲಾವಣೆಗೆ ತಂತಿ ಒಡ್ಡುವ ತಡೆ, ದೊಡ್ಡ ಅಡ್ಡಿ: ಮೀಟರ್‌ಗೆ ಸುಮಾರು 1 ಮೈಕ್ರೋಹೆನ್ರಿ. 8/20 ತರಂಗದ 10 ಕಿಲೋಆಂಪಿಯರ್ ಹರಿದಾಗ ಪ್ರತಿ ಮೀಟರ್ ತಂತಿಯ ಮೇಲೆ ಸುಮಾರು 1 ಕಿಲೋವೋಲ್ಟ್ ಏಳುತ್ತದೆ. 1.5 ಕಿಲೋವೋಲ್ಟ್ ರಕ್ಷಣಾ ಮಟ್ಟದ ಒಳ್ಳೆಯ ಎಸ್‌ಪಿಡಿ ಕೊಂಡು 1.2 ಮೀಟರ್ ತಂತಿಯಲ್ಲಿ ಜೋಡಿಸಿದರೆ ಡ್ರೈವ್‌ಗೆ ಕಾಣುವುದು ಸುಮಾರು 2.7 ಕಿಲೋವೋಲ್ಟ್. ಫೇಸ್ ಕಡೆಯ ತಂತಿ ಮತ್ತು ಅರ್ಥ್ ಕಡೆಯ ತಂತಿ ಎರಡೂ ಸೇರಿ ಅರ್ಧ ಮೀಟರ್ ಮೀರಬಾರದು ಎಂಬ ನಿಯಮ ಬಂದಿರುವುದು ಇದಕ್ಕಾಗಿಯೇ. ನಾನು ಆಕ್ಷೇಪಿಸಿದಾಗ ಅವರ ಎಂಜಿನಿಯರ್ ಬಂದು ನೋಡಿ, ವಾದ ಮಾಡದೆ ಒಪ್ಪಿಕೊಂಡು, ಎಸ್‌ಪಿಡಿಯ ಪಕ್ಕದಲ್ಲಿಯೇ ಬಣ್ಣ ಕೆರೆದು ಮೌಂಟಿಂಗ್ ಪ್ಲೇಟ್‌ಗೆ ಒಂದು ಚಿಕ್ಕ ಅರ್ಥ್ ಬಾರ್ ಕೂರಿಸಿ, ಅಲ್ಲಿಂದ ತಳದ ಬಾರ್‌ಗೆ ಅಗಲವಾದ ತಾಮ್ರದ ಹೆಣಿಗೆ ಪಟ್ಟಿ ಹಾಕಿಸಿದರು. ಉಳಿದ ಪ್ಯಾನಲ್‌ಗಳಲ್ಲಿ ಫೇಸ್ ತಂತಿಯನ್ನು ಎಸ್‌ಪಿಡಿಯ ಟರ್ಮಿನಲ್‌ಗೇ ತಂದು, ಅಲ್ಲಿಂದ ಮುಂದಕ್ಕೆ ಒಯ್ಯುವ ‘ವಿ’ ಜೋಡಣೆಯನ್ನು ಬಳಸಿದ್ದರು; ಅದು ಇನ್ನೂ ಉತ್ತಮ. ಸಂಸ್ಥೆಯ ಎಂಜಿನಿಯರ್‌ಗೆ ಗೊತ್ತಿದ್ದದ್ದು ವೈರ್‌ಮನ್‌ಗೆ ಗೊತ್ತಿರಲಿಲ್ಲ ಎಂಬುದೇ ನನ್ನ ದೂರು. ಮಾಲೀಕರ ಕಡೆಯವರು ಬಾಗಿಲು ತೆಗೆದು ನೋಡದ ಗಿರಣಿಯಲ್ಲಿ ಆ ತಂತಿ ಹಾಗೆಯೇ ಉಳಿಯುತ್ತಿತ್ತು.

ಎಸ್‌ಪಿಡಿಗೆ ಹಿಂದಿನ ಫ್ಯೂಸ್ ಬಗ್ಗೆ ದೂರಿಲ್ಲ. ತಯಾರಕರು ಸೂಚಿಸಿದ ಗರಿಷ್ಠ 125 ಆಂಪಿಯರ್ ಜಿಜಿ (ಸಾಮಾನ್ಯ ಬಳಕೆಯ ಫ್ಯೂಸ್ ವರ್ಗ) ಮಿತಿಯೊಳಗೆ ಪ್ರತ್ಯೇಕ ಫ್ಯೂಸ್‌ಗಳನ್ನು ಹಾಕಿದ್ದಾರೆ. ಮುಖ್ಯ ಎಂಸಿಸಿಬಿಯನ್ನೇ (ಸರ್ಕ್ಯೂಟ್ ಬ್ರೇಕರನ್ನೇ) ನಂಬಿ ಫ್ಯೂಸ್ ಬಿಟ್ಟರೆ, ಎಸ್‌ಪಿಡಿ ಆಯಸ್ಸು ಮುಗಿದು ಶಾರ್ಟ್ ಆದಾಗ ಪ್ಯಾನಲ್‌ಗೆ ಬೆಂಕಿ ತಗಲುವ ಸಾಧ್ಯತೆ ಇದೆ. ಮುಖ್ಯ ಪ್ಯಾನಲ್‌ನಿಂದ ಹತ್ತು ಮೀಟರ್‌ಗಿಂತ ದೂರದಲ್ಲಿರುವ ಪ್ರತಿ ಡ್ರೈವ್ ಪ್ಯಾನಲ್‌ಗೂ ತನ್ನದೇ ಎಸ್‌ಪಿಡಿ ಬೇಕೆಂದು ಅವರು ಹಠ ಹಿಡಿದದ್ದೂ ಸರಿಯೇ. ಉದ್ದದ ಕೇಬಲ್‌ನಲ್ಲಿ ಸರ್ಜ್ ತರಂಗ ಪ್ರತಿಫಲಿಸಿ ಆಚೆ ತುದಿಯಲ್ಲಿ ಎರಡು ಪಟ್ಟಿನವರೆಗೂ ಏರಬಲ್ಲದು. ಮೊದಲು ನಾನು ಇದನ್ನು ಮಾರಾಟದ ತಂತ್ರವೆಂದು ಶಂಕಿಸಿದ್ದೆ.

ಅವರು ಗುರುತಿಸಿದ ಮತ್ತೊಂದು ಅಂಶವನ್ನು ಡಿಜಿ ಸೆಟ್ (ಡೀಸೆಲ್ ಜನರೇಟರ್) ಇರುವ ಎಲ್ಲ ಗಿರಣಿಗಳೂ ಒಮ್ಮೆ ಪರಿಶೀಲಿಸಬೇಕು. ನಮ್ಮ ಚೇಂಜ್‌ಓವರ್ ಸ್ವಿಚ್ ನಾಲ್ಕು ಪೋಲ್‌ನದು, ಅಂದರೆ ಜನರೇಟರ್‌ಗೆ ಬದಲಾಯಿಸಿದಾಗ ನ್ಯೂಟ್ರಲ್ ಕೂಡ ಬದಲಾಗುತ್ತದೆ. ಆದರೆ ಜನರೇಟರ್‌ನ ನ್ಯೂಟ್ರಲ್ ಅನ್ನು ಅರ್ಥ್‌ಗೆ ಜೋಡಿಸಿದ ಪಟ್ಟಿ ತುಂಡಾಗಿತ್ತು. ಹಾಗಾಗಿ ಗಿರಣಿ ಜನರೇಟರ್ ಮೇಲೆ ಓಡುವಷ್ಟು ಹೊತ್ತು ನಮ್ಮದು ಭೂಸಂಪರ್ಕವೇ ಇಲ್ಲದ ಐಟಿ ವ್ಯವಸ್ಥೆಯಾಗಿರುತ್ತಿತ್ತು. ಡ್ರೈವ್‌ಗಳ ಒಳಗಿನ ಇಎಂಸಿ ಫಿಲ್ಟರ್‌ನ (ವಿದ್ಯುತ್ ಗದ್ದಲ ತಡೆಯುವ ಫಿಲ್ಟರ್‌ನ) ಕೆಪಾಸಿಟರ್‌ಗಳು ಮತ್ತು ಸರ್ಜ್ ತಡೆಯುವ ವೇರಿಸ್ಟರ್‌ಗಳು ಫೇಸ್‌ನಿಂದ ಬಾಡಿಗೆ ಜೋಡಣೆಯಾಗಿರುತ್ತವೆ. ಐಟಿ ವ್ಯವಸ್ಥೆಯಲ್ಲಿ ಒಂದು ಫೇಸ್ ಎಲ್ಲಿಯಾದರೂ ಬಾಡಿಗೆ ತಾಗಿದರೆ ಉಳಿದೆರಡು ಫೇಸ್‌ಗಳು ಬಾಡಿಗೆ ಹೋಲಿಸಿದರೆ 240 ವೋಲ್ಟ್ ಬದಲು 415 ವೋಲ್ಟ್‌ನಲ್ಲಿ ನಿಲ್ಲುತ್ತವೆ, ಆ ಬಿಡಿಭಾಗಗಳು ಬಿಸಿಯಾಗಿ ಹೋಗುತ್ತವೆ. ಇದಕ್ಕಾಗಿಯೇ ಡ್ರೈವ್ ತಯಾರಕರು ಅವುಗಳನ್ನು ಬಿಡಿಸುವ ವ್ಯವಸ್ಥೆ ಕೊಟ್ಟಿರುತ್ತಾರೆ: ಎಬಿಬಿಯ ಎಸಿಎಸ್580ರಲ್ಲಿ ‘ಇಎಂಸಿ’ ಮತ್ತು ‘ವಿಎಆರ್’ ಎಂದು ಗುರುತಿಸಿದ ಸ್ಕ್ರೂಗಳು, ಪವರ್‌ಫ್ಲೆಕ್ಸ್ 525ರಲ್ಲಿ ಜಂಪರ್, ಡ್ಯಾನ್‌ಫಾಸ್‌ನ ವಿಎಲ್‌ಟಿ ಸರಣಿಯಲ್ಲಿ 14-50 ಎಂಬ ಪ್ಯಾರಾಮೀಟರ್. ನಮ್ಮಲ್ಲಿ ಸ್ಕ್ರೂ ತೆಗೆಯುವುದು ಪರಿಹಾರವಾಗಿರಲಿಲ್ಲ, ಏಕೆಂದರೆ ಟ್ರಾನ್ಸ್‌ಫಾರ್ಮರ್ ಮೇಲೆ ಓಡುವಾಗ ಆ ರಕ್ಷಣೆ ಬೇಕು. ಆದ್ದರಿಂದ ಜನರೇಟರ್ ನ್ಯೂಟ್ರಲ್‌ಗೆ ಎರಡು ಪ್ರತ್ಯೇಕ ಅರ್ಥ್ ಜೋಡಣೆ ಕೊಟ್ಟು, ಸ್ಕ್ರೂಗಳನ್ನು ಇದ್ದಲ್ಲಿಯೇ ಉಳಿಸಿದರು. ‘ಸಿಡಿಲಿಗೆ ಹೋಯಿತು’ ಎಂದು ನಾವು ಬರೆದುಕೊಂಡಿದ್ದ ಹಳೆಯ ಡ್ರೈವ್‌ಗಳಲ್ಲಿ ಎಷ್ಟು ಹೀಗೆ ಜನರೇಟರ್ ಓಡುವಾಗ ಹಾಳಾಗಿದ್ದವೋ ಎಂಬ ಅನುಮಾನ ಇದರಿಂದ ಹುಟ್ಟಿದೆ.

ಡ್ರೈವ್‌ಗಳ ಬಾಡಿ ಅರ್ಥಿಂಗ್ ಅನ್ನು ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಎಳೆದಿದ್ದ ಹಳೆಯ ಪದ್ಧತಿಯನ್ನು ತೆಗೆದು, ಪ್ರತಿಯೊಂದನ್ನೂ ನೇರವಾಗಿ ಅರ್ಥ್ ಬಾರ್‌ಗೆ ತಂದಿದ್ದಾರೆ. ಸರಪಳಿಯಲ್ಲಿ ನಡುವಿನ ಒಂದು ಲಗ್ ಸಡಿಲವಾದರೆ ಅದರ ಆಚೆಯ ಎಲ್ಲ ಡ್ರೈವ್‌ಗಳೂ ಅರ್ಥ್ ಕಳೆದುಕೊಳ್ಳುತ್ತವೆ. ಡ್ರೈವ್‌ನ ಫಿಲ್ಟರ್‌ನಿಂದ ಅರ್ಥ್‌ಗೆ ಹರಿಯುವ ಸೋರಿಕೆ ಪ್ರವಾಹ 3.5 ಮಿಲಿಆಂಪಿಯರ್ ಮೀರುವ ಸಾಧ್ಯತೆ ಇರುವುದರಿಂದ, ಕನಿಷ್ಠ 10 ಚದರ ಮಿಮೀ ತಾಮ್ರದ ತಂತಿ ಅಥವಾ ಎರಡನೆಯ ಅರ್ಥ್ ತಂತಿ ಇರಬೇಕೆಂದು ಡ್ರೈವ್‌ಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 61800-5-1 ಹೇಳುತ್ತದೆ. ಚಿಕ್ಕ ಡ್ರೈವ್‌ಗಳಿಗೂ ಇದನ್ನು ಪಾಲಿಸಿದ್ದಾರೆ. ಮೋಟಾರ್‌ಗಳ ಬಾಡಿಗೆ ಎರಡು ಪ್ರತ್ಯೇಕ ಅರ್ಥ್ ಜೋಡಣೆ ಇರಬೇಕೆಂಬುದು ನಮ್ಮ ದೇಶದ ವಿದ್ಯುತ್ ಸುರಕ್ಷತಾ ನಿಯಮವೇ ಆಗಿದೆ, ಅದು ಮೊದಲೇ ಇತ್ತು.

ಮೋಟಾರ್ ಕಡೆಯ ಕೇಬಲ್ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನವಿಲ್ಲ. ಡ್ರೈವ್‌ನ ಔಟ್‌ಪುಟ್ ಶುದ್ಧ ಸೈನ್ ತರಂಗವಲ್ಲ, ಸುಮಾರು 560 ವೋಲ್ಟ್ ಡಿಸಿಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ ಕೊಡುವ ಪಲ್ಸ್‌ಗಳು. ಉದ್ದದ ಕೇಬಲ್‌ನ ತುದಿಯಲ್ಲಿ ಈ ಪಲ್ಸ್‌ಗಳು ಪ್ರತಿಫಲಿಸಿ ಮೋಟಾರ್ ಟರ್ಮಿನಲ್‌ನಲ್ಲಿ ಎರಡು ಪಟ್ಟಿಗೆ, 1100 ವೋಲ್ಟ್‌ಗಿಂತ ಮೇಲಕ್ಕೆ ಏರಬಲ್ಲವು. ಸಿಡಿಲಿನ ಸರ್ಜ್ ವರ್ಷಕ್ಕೆ ಕೆಲವು ಸಲ ಬಂದರೆ ಇದು ದಿನವಿಡೀ ಬರುವ ಸರ್ಜ್. ಇದಕ್ಕೆ ತಕ್ಕದ್ದು ಸಮರೂಪ ಜೋಡಣೆಯ ಶೀಲ್ಡ್ ಇರುವ ಡ್ರೈವ್ ಕೇಬಲ್, ಎರಡೂ ತುದಿಗಳಲ್ಲಿ ಶೀಲ್ಡ್ ಅನ್ನು ಸುತ್ತಲೂ ಹಿಡಿಯುವ ಲೋಹದ ಗ್ಲ್ಯಾಂಡ್, ಮತ್ತು ಇನ್ವರ್ಟರ್ ಡ್ಯೂಟಿ ಮೋಟಾರ್. ಸಂಸ್ಥೆಯವರು ಹಳೆಯ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್‌ಗಳನ್ನೇ ಉಳಿಸಿಕೊಂಡು, ಆರ್ಮರ್‌ನ ತುದಿಗಳನ್ನು ತಿರುಚಿ ಲಗ್ ಹಾಕಿದ್ದ ಕಡೆಗಳಲ್ಲಿ ಡಬಲ್ ಕಂಪ್ರೆಷನ್ ಗ್ಲ್ಯಾಂಡ್ ಹಾಕಿ ಸರಿಪಡಿಸಿದರು. ಐಡಿ ಫ್ಯಾನ್‌ನ ಕೇಬಲ್ ಉದ್ದವಿರುವುದರಿಂದ ಅಲ್ಲಿ ಡ್ರೈವ್‌ನ ಔಟ್‌ಪುಟ್‌ಗೆ ವೋಲ್ಟೇಜ್ ಏರುವ ವೇಗವನ್ನು ತಗ್ಗಿಸುವ ಡಿವಿ/ಡಿಟಿ ಫಿಲ್ಟರ್ ಸೂಚಿಸಿದರು, ನಾವು ಒಪ್ಪಿದೆವು. ಖರ್ಚಿನ ದೃಷ್ಟಿಯಿಂದ ಇದು ನ್ಯಾಯವಾದ ರಾಜಿ. ಆದರೂ ಕೇಬಲ್ ಬದಲಾಯಿಸುವ ಆಯ್ಕೆಯ ಬೆಲೆಯನ್ನು ದರಪಟ್ಟಿಯಲ್ಲಿ ತೋರಿಸಿದ್ದರೆ ನಿರ್ಧಾರ ನಮ್ಮದಾಗಿರುತ್ತಿತ್ತು. ಒಂದು ಒಳ್ಳೆಯ ಸಂಗತಿ: ಪಾಲಿಷರ್ ಮೋಟಾರ್‌ನ ಬಳಿ, ಅಂದರೆ ಡ್ರೈವ್‌ನ ಔಟ್‌ಪುಟ್ ಕಡೆ, ಸ್ಟಾರ್ಟರ್ ಕಾಲದಿಂದ ಉಳಿದಿದ್ದ ಪವರ್ ಫ್ಯಾಕ್ಟರ್ ಕೆಪಾಸಿಟರ್ ಅನ್ನು ಅವರು ಕಂಡು ತೆಗೆಸಿದರು. ಡ್ರೈವ್‌ನ ಔಟ್‌ಪುಟ್‌ಗೆ ಕೆಪಾಸಿಟರ್ ಆಗಲಿ, ಸಾಮಾನ್ಯ ಸರ್ಜ್ ಅರೆಸ್ಟರ್ ಆಗಲಿ ಹಾಕಬಾರದು.

ಪವರ್ ಫ್ಯಾಕ್ಟರ್ ಅನ್ನು ತಾನಾಗಿ ಸರಿಪಡಿಸುವ ಎಪಿಎಫ್‌ಸಿ ಪ್ಯಾನಲ್‌ನ ಕೆಪಾಸಿಟರ್ ಹಂತಗಳು ಸೇರುವಾಗ ಹುಟ್ಟುವ ಸ್ವಿಚಿಂಗ್ ಸರ್ಜ್‌ನಿಂದ ಎರಡು ಡ್ರೈವ್‌ಗಳು ಆಗಾಗ ‘ಡಿಸಿ ಓವರ್‌ವೋಲ್ಟೇಜ್’ ಎಂದು ಟ್ರಿಪ್ ಆಗುತ್ತಿದ್ದವು. ಒಳಗೆ ಚೋಕ್ ಇಲ್ಲದ ಡ್ರೈವ್‌ಗಳಿಗೆ ಶೇ. 3ರ ಲೈನ್ ರಿಯಾಕ್ಟರ್ ಹಾಕಿದ ಮೇಲೆ ಆ ಟ್ರಿಪ್ ನಿಂತಿದೆ. ಹಾಗೆಯೇ ನ್ಯೂಟ್ರಲ್ ಕಡಿದು ವೋಲ್ಟೇಜ್ ಗಂಟೆಗಟ್ಟಲೆ ಏರಿ ನಿಂತರೆ ಎಸ್‌ಪಿಡಿ ರಕ್ಷಿಸುವುದಿಲ್ಲ, ಅದೇ ಸುಟ್ಟುಹೋಗುತ್ತದೆ ಎಂದು ಮುಂಚೆಯೇ ತಿಳಿಸಿ, ಅದಕ್ಕೆ ಪ್ರತ್ಯೇಕವಾಗಿ ವೋಲ್ಟೇಜ್ ಮಾನಿಟರಿಂಗ್ ರಿಲೇ ಹಾಕಿದರು.

ಕೆಲಸದ ವೇಳೆಯ ಸುರಕ್ಷತೆಗೆ ಪೂರ್ಣ ಅಂಕ ಕೊಡುತ್ತೇನೆ. ಇನ್‌ಕಮರ್ ಆಫ್ ಮಾಡಿ ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವನ ಜೇಬಿನಲ್ಲಿಯೇ ಇಡಿಸುತ್ತಿದ್ದರು. ಡಿಸ್‌ಪ್ಲೇ ಆರಿದ ಮಾತ್ರಕ್ಕೆ ಡ್ರೈವ್‌ನೊಳಗಿನ ಕೆಪಾಸಿಟರ್ ಖಾಲಿಯಾಗಿರುವುದಿಲ್ಲ. ಕೈಪಿಡಿಯಲ್ಲಿ ಹೇಳಿದಷ್ಟು ಸಮಯ ಕಾದು, ಡಿಸಿ ಟರ್ಮಿನಲ್‌ಗಳ ನಡುವೆ ಮೀಟರ್ ಇಟ್ಟು ಖಚಿತಪಡಿಸಿಕೊಂಡ ಮೇಲೆಯೇ ಕೈ ಹಾಕುತ್ತಿದ್ದರು. ಮೋಟಾರ್ ಕೇಬಲ್‌ಗೆ ಮೆಗ್ಗರ್ (ಅಧಿಕ ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೀಟರ್) ಹಾಕುವ ಮುನ್ನ ಅದನ್ನು ಡ್ರೈವ್‌ನಿಂದ ಬಿಡಿಸಿದರು. ಇದನ್ನು ಮಾಡದೆ ಐಜಿಬಿಟಿ ಸುಟ್ಟು, ಕೊನೆಗೆ ತಪ್ಪನ್ನು ಕಂಪನಿಯ ಮೇಲೆ ಹೊರಿಸಿದ ಪ್ರಸಂಗಗಳು ನಮ್ಮ ಗಿರಣಿ ವಲಯದಲ್ಲಿ ಎಲ್ಲರಿಗೂ ಗೊತ್ತು. ಹೊಟ್ಟು ಮತ್ತು ತೌಡಿನ ಧೂಳನ್ನು ಪ್ಯಾನಲ್‌ನಿಂದ ಏರ್ ಹೊಡೆದು ಚದುರಿಸದೆ ವ್ಯಾಕ್ಯೂಮ್‌ನಿಂದ ತೆಗೆದದ್ದೂ ಸರಿಯಾದ ಕ್ರಮ.

ದಾಖಲೆಗಳಲ್ಲಿ ಹಿಂದೆ ಬಿದ್ದಿದ್ದಾರೆ. ಅಳತೆಯ ವರದಿ ಬೇಗ ಬಂತು, ಆದರೆ ಬದಲಾದ ಅರ್ಥಿಂಗ್ ನಕ್ಷೆಗಾಗಿ ಹಲವು ಬಾರಿ ನೆನಪಿಸಬೇಕಾಯಿತು. ಪ್ಯಾನಲ್ ಬಾಗಿಲಿಗೆ ಅಂಟಿಸಿದ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ರಾತ್ರಿ ಪಾಳಿಯಲ್ಲಿ ಎಸ್‌ಪಿಡಿಯ ಕಿಟಕಿ ಹಸಿರಿನಿಂದ ಕೆಂಪಾಗಿದೆಯೇ ಎಂದು ನೋಡಬೇಕಾದವರು ಆಪರೇಟರ್‌ಗಳು. ಅವರಿಗೆ ಬೇಕಾದದ್ದು ಕನ್ನಡದ ಎರಡು ಸಾಲು. ಕೇಳಿದ ಮೇಲೆ ಹಾಕಿಕೊಟ್ಟರು. ಎಸ್‌ಪಿಡಿಯ ರಿಮೋಟ್ ಸಂಪರ್ಕವನ್ನು ಹೂಟರ್‌ಗೆ ಜೋಡಿಸುವುದನ್ನೂ ನಾವೇ ನೆನಪಿಸಬೇಕಾಯಿತು.

ಇದಾದ ಮೇಲಿನ ಅಡ್ಡಮಳೆಯ ಕಾಲದಲ್ಲಿ ಯಾವ ಡ್ರೈವ್ ಕೂಡ ಹಾಳಾಗಲಿಲ್ಲ. ಒಂದು ಬೇಸಿಗೆಯಿಂದ ಏನನ್ನೂ ಸಾಧಿಸಿ ತೋರಿಸಲಾಗದು ಎಂಬುದು ನಿಜ. ಆದರೆ ಜೋರಾಗಿ ಗುಡುಗಿದ ಒಂದು ಸಂಜೆಯ ಮರುದಿನ ಮುಖ್ಯ ಪ್ಯಾನಲ್‌ನ ಒಂದು ಫೇಸ್‌ನ ಕಾರ್ಟ್ರಿಜ್ ಕೆಂಪಾಗಿತ್ತು, ಅದರ ಹಿಂದಿನ ಡ್ರೈವ್‌ಗಳು ಎಂದಿನಂತೆ ಓಡುತ್ತಿದ್ದವು. ಕಾರ್ಟ್ರಿಜ್ ಅನ್ನು ಎಳೆದು ಹೊಸದನ್ನು ಒತ್ತಿದರೆ ಸಾಕು, ವೈರಿಂಗ್ ಮುಟ್ಟಬೇಕಾಗಿಲ್ಲ. ಬಿಡಿ ಕಾರ್ಟ್ರಿಜ್ ಒಂದನ್ನು ಆರಂಭದಲ್ಲಿಯೇ ನಮ್ಮ ಬಳಿ ಇಟ್ಟುಹೋಗಿದ್ದರಿಂದ ಗಿರಣಿ ನಿಲ್ಲಿಸಿ ಕಾಯುವ ಪ್ರಸಂಗ ಬರಲಿಲ್ಲ. ಒಟ್ಟು ಶುಲ್ಕ ನಮ್ಮ ಅತಿ ದೊಡ್ಡ ಡ್ರೈವ್ ಒಂದನ್ನು ಹೊಸದಾಗಿ ಕೊಳ್ಳುವ ಬೆಲೆಗಿಂತ ಕಡಿಮೆಯಾಯಿತು. ನನಗೆ ಅದು ದುಬಾರಿ ಎನಿಸಲಿಲ್ಲ. ಒಂದೋ ಎರಡೋ ಚಿಕ್ಕ ಡ್ರೈವ್ ಇರುವ ಹಿಟ್ಟಿನ ಗಿರಣಿಗೆ ಇಷ್ಟೆಲ್ಲ ಬೇಕಾಗಿಲ್ಲ; ಅಲ್ಲಿ ಅರ್ಥ್ ಜೋಡಣೆಗಳನ್ನು ಒಂದಾಗಿಸಿ, ಒಂದು ಟೈಪ್ 2 ಎಸ್‌ಪಿಡಿಯನ್ನು ಗಿಡ್ಡ ತಂತಿಯಲ್ಲಿ ಹಾಕಿಸಿದರೆ ಹೆಚ್ಚಿನ ಭಾಗ ಆದಂತೆಯೇ.

ಬಾಕಿ ಉಳಿದಿರುವುದು ಸಿಗ್ನಲ್ ಕೇಬಲ್‌ಗಳ ಕೆಲಸ. ಚಿಮಣಿಯ ಬಳಿ ಹೊಗೆಯ ಎಳೆತವನ್ನು ಅಳೆಯುವ ಡ್ರಾಫ್ಟ್ ಟ್ರಾನ್ಸ್‌ಮಿಟರ್‌ನಿಂದ ಐಡಿ ಫ್ಯಾನ್ ಡ್ರೈವ್‌ಗೆ ಬರುವ 4–20 ಮಿಲಿಆಂಪಿಯರ್ ತಂತಿಯೂ, ಡ್ರೈವ್‌ಗಳನ್ನು ಪಿಎಲ್‌ಸಿಗೆ ಜೋಡಿಸುವ ಆರ್‌ಎಸ್-485 ಕೇಬಲ್ ಕೂಡ ಇನ್ನೂ ಸರ್ಜ್ ರಕ್ಷಣೆಯಿಲ್ಲದೆ ಇವೆ. ಮೊದಲನೆಯದು ಸಿಡಿಲಿನ ಕಡ್ಡಿಯಿಂದ ಇಳಿಯುವ ಪಟ್ಟಿಯ ಪಕ್ಕದಲ್ಲಿಯೇ ಹಾದುಬರುತ್ತದೆ. ಪವರ್ ಕಡೆ ಎಷ್ಟೇ ಭದ್ರಪಡಿಸಿದರೂ ಈ ದಾರಿಯಲ್ಲಿ ಬರುವ ಸರ್ಜ್ ನೇರವಾಗಿ ಕಂಟ್ರೋಲ್ ಬೋರ್ಡ್‌ಗೆ ತಲುಪುತ್ತದೆ. ಮೊದಲ ಪರಿಶೀಲನೆಯಲ್ಲಿಯೇ ಇದನ್ನು ದರಪಟ್ಟಿಗೆ ಸೇರಿಸಬೇಕಿತ್ತು, ಸೇರಿಸಲಿಲ್ಲ. ಈಗ ತಂತಿಯ ದಾರಿ ಬದಲಿಸಿ, ಮೋಟಾರ್ ಕೇಬಲ್‌ಗಳಿಂದ ಅರ್ಧ ಮೀಟರ್ ದೂರವಿಟ್ಟು, ದಾಟಬೇಕಾದಲ್ಲಿ ಲಂಬಕೋನದಲ್ಲಿ ದಾಟಿಸಿ, ಎರಡೂ ತುದಿಗಳಿಗೆ ಸಿಗ್ನಲ್ ಎಸ್‌ಪಿಡಿ ಹಾಕಲು ಪ್ರತ್ಯೇಕ ದರ ಕೊಟ್ಟಿದ್ದಾರೆ. ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿ ಪಿಟ್ ಅಳತೆಯನ್ನು ಮಳೆಗಾಲದ ನಂತರ ಮಾಡುವುದಾಗಿ ಬರೆದಿದ್ದರು. ಅದನ್ನು ಹೊಡೆದುಹಾಕಿಸಿ, ಎರೆ ನೆಲ ಬಿರಿದಿರುವ ಮಾರ್ಚ್ ತಿಂಗಳಿನಲ್ಲಿಯೇ ಅಳೆಯಬೇಕೆಂದು ತಿದ್ದಿಸಿ ಸಹಿ ಮಾಡಿದ್ದೇವೆ.